ನಡುವಿನ ಹೆಸರಿನಲ್ಲಿ ಉಳಿದ ತಾಯಿಬಳ್ಳಿ

ಗುವಾಮ್ ದ್ವೀಪದ ಹಿರಿಯ ಮುತ್ಸದ್ದಿ ಆಂಟೋನಿಯೊ ಬೋರ್ಹಾ ವನ್ ಪ್ಯಾಟ್ ಅವರ ಹೆಸರನ್ನು ಒಮ್ಮೆ ಬಿಡಿಸಿ ಓದಿ. ಆಂಟೋನಿಯೊ ಎಂಬುದು ಸ್ಪೇನಿನ ಪಾದ್ರಿಗಳ ಕಾಲದಿಂದ ಬಂದ ಕ್ರೈಸ್ತ ಹೆಸರು. ವನ್ ಪ್ಯಾಟ್ ಎಂಬುದು ಚೀನೀ ಮೂಲದ ತಂದೆಯದು. ಇವೆರಡರ ನಡುವೆ ಇರುವ ಬೋರ್ಹಾ ಅವರ ತಾಯಿಯ ತವರಿನ ಹೆಸರು. 1973ರಲ್ಲಿ ಅವರು ಗುವಾಮಿನ ಮೊದಲ ಪ್ರತಿನಿಧಿಯಾಗಿ ಅಮೆರಿಕದ ಸಂಸತ್ತಿನಲ್ಲಿ ಕುಳಿತಾಗ ಅಲ್ಲಿನ ಕಾಗದಪತ್ರಗಳು ಆ ಹೆಸರನ್ನು ಬರಿಯ ‘ಬಿ’ ಎಂಬ ಒಂದು ಅಕ್ಷರಕ್ಕೆ ಇಳಿಸಿದವು. ಚಮೋರೊ ಮನೆಗಳಲ್ಲಿ ಮಾತ್ರ ಯಾರೂ ಆ ಅಕ್ಷರವನ್ನು ದಾಟಿ ಮುಂದೆ ಹೋಗುವುದಿಲ್ಲ. ಅಪರಿಚಿತನೊಬ್ಬ ಎದುರು ಬಂದರೆ ಹಿರಿಯರು ಮೊದಲು ವಿಚಾರಿಸುವುದೇ ಅದನ್ನು: ನಿನ್ನ ತಾಯಿ ಯಾರ ಮನೆಯವಳು?

ಪಶ್ಚಿಮ ಪೆಸಿಫಿಕ್‌ನ ಮರಿಯಾನಾ ದ್ವೀಪಮಾಲೆ ಚಮೋರೊ ಜನರ ತಾಯ್ನೆಲ. ದಕ್ಷಿಣದಲ್ಲಿ ಗುವಾಮ್, ಅದರ ಉತ್ತರಕ್ಕೆ ರೋಟಾ, ಟಿನಿಯನ್, ಸಾಯ್ಪಾನ್. 1950ರ ಆಗಸ್ಟ್ 1ರಂದು ಆರ್ಗ್ಯಾನಿಕ್ ಕಾಯ್ದೆಯ ಮೂಲಕ ಗುವಾಮಿನ ಜನ ಅಮೆರಿಕದ ಪೌರರಾದರು. ಅದಾಗಿ ಮುಕ್ಕಾಲು ಶತಮಾನ ಕಳೆದಿದೆ. ಒಂದು ಜನಾಂಗ ತನ್ನ ಹಿರಿಯರ ಲೆಕ್ಕವನ್ನು ಹೇಗೆ ಇಟ್ಟುಕೊಂಡು ಬಂದಿದೆ, ಆ ಲೆಕ್ಕದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಹಿಂದಿರುಗಿ ನೋಡಲು ಇದು ತಕ್ಕ ಹೊತ್ತು. ನೋಡಿದಷ್ಟೂ ನಮಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಪುಸ್ತಕಗಳಲ್ಲಿ ಹೆಸರು ಪಡೆದ ಚಮೋರೊ ಪೂರ್ವಜರಲ್ಲಿ ಹೆಚ್ಚಿನವರು ಹೊರಗಿನ ಅಧಿಕಾರಕ್ಕೆ ಅಡ್ಡ ನಿಂತ ಅಥವಾ ಅದರ ಜೊತೆ ನಿಂತ ಗಂಡಸರು. ವಂಶವನ್ನು ಉಳಿಸಿದವರು ಮಾತ್ರ ಹೆಂಗಸರು, ಅವರ ಹೆಸರುಗಳು ಈ ನಡುವಿನ ಅಕ್ಷರದೊಳಗೆ ಅಡಗಿ ಕುಳಿತಿವೆ.

ಸುಮಾರು 3,500 ವರ್ಷಗಳ ಹಿಂದೆ ದೋಣಿಯಲ್ಲಿ ಬಂದವರು ಇವರ ಮೊದಲ ಹಿರಿಯರು. ಗುವಾಮಿನ ಉತ್ತರ ತುದಿಯ ರಿಟಿಡಿಯನ್‌ನಲ್ಲಿ ಸಿಕ್ಕ, ಎರಡು ಸಾವಿರ ವರ್ಷಗಳಿಗೂ ಹಳೆಯ ಎರಡು ಅಸ್ಥಿಪಂಜರಗಳ ವಂಶವಾಹಿ ಪರೀಕ್ಷೆ ಫಿಲಿಪೀನ್ಸ್‌ನ ಕಡೆಗೆ ಬೊಟ್ಟು ಮಾಡಿದೆ. ಸಾವಿರ ವರ್ಷಗಳ ಈಚೆಗೆ ಅವರು ‘ಲಟ್ಟೆ’ ಕಂಬಗಳ ಮೇಲೆ ಮನೆ ಕಟ್ಟತೊಡಗಿದರು. ಕೆಳಗೆ ಕಲ್ಲಿನ ಕಂಬ, ಅದರ ತಲೆಯ ಮೇಲೆ ಬೋಗುಣಿಯಾಕಾರದ ಕಲ್ಲು. ಟಿನಿಯನ್ನಿನಲ್ಲಿ ದಂತಕಥೆಯ ನಾಯಕ ತಾಗಾನ ಮನೆಯೆಂದು ತೋರಿಸುವ ಜಾಗದಲ್ಲಿ ಹನ್ನೆರಡು ಕಂಬಗಳಿದ್ದವು. ಇವತ್ತು ನೆಟ್ಟಗೆ ನಿಂತಿರುವುದು ಒಂದೇ. ಸತ್ತವರನ್ನು ಆ ಮನೆಗಳ ಅಡಿಯಲ್ಲೇ, ಪಕ್ಕದಲ್ಲೇ ಹೂಳುತ್ತಿದ್ದರು. ಹಿರಿಯರ ತಲೆಬುರುಡೆಯನ್ನು ಮನೆಯೊಳಗಿಟ್ಟು ಗೌರವಿಸುತ್ತಿದ್ದರು. ಮಳೆ ಬಾರದಿದ್ದರೆ, ಮೀನು ಸಿಗದಿದ್ದರೆ ಅವರನ್ನೇ ಕೇಳಿಕೊಳ್ಳುತ್ತಿದ್ದರು. ಹೀಗೆ ಬದುಕಿದ್ದವರಿಗೆ ವಂಶಾವಳಿ ಎಂಬುದು ಬರೆದಿಡಬೇಕಾದ ವಿಷಯವೇ ಆಗಿರಲಿಲ್ಲ. ಅಜ್ಜ ಅಜ್ಜಿಯರು ಮನೆಯೊಳಗೇ ಇದ್ದರು.

ಆ ಮನೆ ತಾಯಿಯದು. ಕುಲ ತಾಯಿಯಿಂದ, ಭೂಮಿ ತಾಯಿಯ ಕುಲದಿಂದ. ಗಂಡ ಹೆಂಡಿರು ಬೇರೆಯಾದರೆ ಮಕ್ಕಳು ತಾಯಿಯ ಜೊತೆ ಹೋಗುತ್ತಿದ್ದರು. ಕುಲದ ಯಜಮಾನಿಕೆಯನ್ನು ಹಿರಿಯ ಹೆಣ್ಣು ‘ಮಗಾಹಾಗಾ’ ಮತ್ತು ಹಿರಿಯ ಗಂಡು ‘ಮಗಾಲಾಹಿ’ ಇಬ್ಬರೂ ಹೊರುತ್ತಿದ್ದರು. ಇದನ್ನು ಬರೆದಿಟ್ಟವರೂ ಯುರೋಪಿನ ಪಾದ್ರಿಗಳೇ. ಹೆಂಗಸರಿಗೆ ಇಷ್ಟು ಅಧಿಕಾರವಿರುವುದು ಅವರ ಕಣ್ಣಿಗೆ ಕುತ್ತಿದ್ದರಿಂದಲೇ ಅದು ಅವರ ಬರಹದಲ್ಲಿ ಎದ್ದು ಕಾಣುತ್ತದೆ.

1521ರ ಮಾರ್ಚ್ 6ರಂದು ಮೆಗೆಲ್ಲನ್ ಬಂದ. ಹಡಗಿನ ಚಿಕ್ಕ ದೋಣಿಯೊಂದನ್ನು ಜನ ಒಯ್ದರೆಂದು ಮನೆಗಳಿಗೆ ಬೆಂಕಿ ಹಚ್ಚಿ, ಕೆಲವರನ್ನು ಕೊಂದು, ಇಡೀ ದ್ವೀಪಮಾಲೆಗೆ ‘ಕಳ್ಳರ ದ್ವೀಪಗಳು’ ಎಂದು ಹೆಸರಿಟ್ಟು ಹೋದ. ಆ ಹೆಸರು ನೂರಾರು ವರ್ಷ ಭೂಪಟಗಳಲ್ಲಿ ಉಳಿಯಿತು. ಒಬ್ಬ ಹಸಿದ ನಾವಿಕನ ಸಿಟ್ಟು ಒಂದು ಜನಾಂಗದ ಗುರುತಾಗಿ ಅಚ್ಚಾದದ್ದು ಅನ್ಯಾಯ. ಆದರೂ ಮೆಗೆಲ್ಲನ್ ಮೂರೇ ದಿನದಲ್ಲಿ ಹೊರಟುಹೋದ. ಮನೆಯೊಳಗಿನ ಬದುಕನ್ನು ಬುಡಮೇಲು ಮಾಡಿದ್ದು 1668.

ಆ ವರ್ಷ ಜೆಸ್ಯುಯಿಟ್ ಪಾದ್ರಿ ದಿಯೆಗೊ ಲೂಯಿಸ್ ದೆ ಸಾನ್ ವಿತೋರೆಸ್ ಗುವಾಮಿಗೆ ಬಂದಿಳಿದರು. ಹಗಾತ್ನ್ಯಾದ ಮುಖಂಡ ಕೆಪುಹಾ ಅವರನ್ನು ಬರಮಾಡಿಕೊಂಡ, ದೀಕ್ಷೆ ಪಡೆದ, ಇಗರ್ಜಿಗೆ ಜಾಗ ಕೊಟ್ಟ. 1669ರಲ್ಲಿ ಅವನು ತೀರಿಕೊಂಡಾಗ ಅವನನ್ನು ಪೂರ್ವಿಕರ ಪದ್ಧತಿಯಂತೆ ಮನೆಯವರ ನಡುವೆ ಮಣ್ಣು ಮಾಡಬೇಕೆ, ಇಗರ್ಜಿಯಲ್ಲಿ ಹೂಳಬೇಕೆ ಎಂದು ತಕರಾರು ಎದ್ದಿತು. ಪಾದ್ರಿಗಳ ಮಾತು ನಡೆಯಿತು. ಮನೆಯಿಂದ ಹಿರಿಯರನ್ನು ಹೊರಗೆ ಕಳಿಸುವ ಕೆಲಸ ಅಲ್ಲಿಂದ ಶುರುವಾಯಿತು ಎನ್ನಬಹುದು. ಮುಂದೆ ಪಾದ್ರಿಗಳು ಮನೆಮನೆಯ ತಲೆಬುರುಡೆಗಳನ್ನು ಹುಡುಕಿ ತೆಗೆಸಿ ನಾಶಪಡಿಸಿದರು.

1671ರಲ್ಲಿ ಹುರಾವ್ ಎಂಬ ಮುಖಂಡ ಜನರನ್ನು ಕೂಡಿಸಿ ಹಗಾತ್ನ್ಯಾದ ಸ್ಪೇನ್ ಠಾಣೆಗೆ ಮುತ್ತಿಗೆ ಹಾಕಿದ. ಅವನು ಮಾಡಿದನೆನ್ನಲಾದ ಭಾಷಣವನ್ನು ಇವತ್ತು ಗುವಾಮಿನ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಅದನ್ನು 1700ರಲ್ಲಿ ಪ್ಯಾರಿಸಿನಲ್ಲಿ ಅಚ್ಚು ಹಾಕಿಸಿದ ಶಾರ್ಲ್ ಲ ಗೋಬಿಯಾಂ ಮರಿಯಾನಾವನ್ನು ಕಣ್ಣಿಂದ ಕಂಡವನಲ್ಲ. ಮಾತುಗಳು ಹುರಾವ್‌ನವೋ ಫ್ರೆಂಚ್ ಪಾದ್ರಿಯವೋ ಎಂಬ ಅನುಮಾನ ವಿದ್ವಾಂಸರಿಗಿದೆ. ನಮಗೆ ಅನಿಸುವುದು ಇಷ್ಟು: ಮುತ್ತಿಗೆ ನಿಜ, ಅದರ ಹಿಂದಿನ ಕೋಪ ನಿಜ. ಆ ಕೋಪಕ್ಕೆ ಸ್ವಂತ ಬರಹ ಇಲ್ಲದ್ದರಿಂದ ಮೊಮ್ಮಕ್ಕಳು ಎದುರಾಳಿಯ ಪುಸ್ತಕದಿಂದ ಅದನ್ನು ಎತ್ತಿಕೊಳ್ಳಬೇಕಾಯಿತು. ಹಾಗೆ ಎತ್ತಿಕೊಂಡದ್ದು ಸರಿಯೇ.

ಮಟಾಪಂಗ್‌ನ ಕಥೆ ಇನ್ನೂ ಕಠಿಣ. 1672ರ ಏಪ್ರಿಲ್ 2ರಂದು ಟುಮೋನ್ ಹಳ್ಳಿಯಲ್ಲಿ ಸಾನ್ ವಿತೋರೆಸ್ ಅವನ ಎಳೆಗೂಸಿಗೆ ಅವನ ಒಪ್ಪಿಗೆಯಿಲ್ಲದೆ ದೀಕ್ಷೆ ಕೊಟ್ಟರು. ಮಟಾಪಂಗ್ ಮತ್ತು ಹಿರಾವ್ ಸೇರಿ ಪಾದ್ರಿಯನ್ನೂ ಅವರ ಜೊತೆಗಿದ್ದ ಫಿಲಿಪೀನ್ಸ್‌ನ ಯುವಕ ಪೆದ್ರೊ ಕಲುಂಗ್ಸೊದ್‌ನನ್ನೂ ಕೊಂದರು. ಸಾನ್ ವಿತೋರೆಸ್ ಅವರನ್ನು ರೋಮ್ 1985ರಲ್ಲಿ ಧನ್ಯರ ಸಾಲಿಗೆ ಸೇರಿಸಿತು. ಕಲುಂಗ್ಸೊದ್ 2012ರಲ್ಲಿ ಸಂತನಾದ. ಮಟಾಪಂಗ್ 1680ರಲ್ಲಿ ರೋಟಾದಲ್ಲಿ ಹತನಾದ, ಅವನ ಹೆಸರಿಗೆ ಆದದ್ದು ಸಾವಿಗಿಂತ ದೊಡ್ಡದು. ಇಂದಿನ ಚಮೋರೊ ಆಡುಮಾತಿನಲ್ಲಿ ಮಟಾಪಂಗ್ ಎಂದರೆ ಒರಟ, ತಿಕ್ಕಲ. ಅಪ್ಪ ಅಮ್ಮಂದಿರು ತುಂಟ ಮಕ್ಕಳನ್ನು ಗದರುವಾಗ ತಮ್ಮದೇ ಪೂರ್ವಜನೊಬ್ಬನ ಹೆಸರನ್ನು ಬೈಗುಳವಾಗಿ ಬಳಸುತ್ತ ಬಂದರು. ಒಂದು ಭಾಷೆಯೊಳಗೆ ಸೋಲು ಹೀಗೆ ಬೇರು ಬಿಡುತ್ತದೆ. ಈಚಿನ ದಶಕಗಳಲ್ಲಿ ಯುವಕರು ಆ ಹೆಸರನ್ನು ಅಭಿಮಾನದಿಂದ ಮತ್ತೆ ಎತ್ತಿಕೊಂಡಿದ್ದಾರೆ. ಆ ಕಥೆಯಲ್ಲಿ ಇನ್ನೊಬ್ಬಳಿದ್ದಾಳೆ. ಮಗುವಿನ ತಾಯಿ ದೀಕ್ಷೆಗೆ ಒಪ್ಪಿದ್ದಳು ಎನ್ನುತ್ತಾರೆ. ಪಾದ್ರಿಯ ಹೆಸರು, ಸಹಾಯಕನ ಹೆಸರು, ಕೊಂದ ಇಬ್ಬರ ಹೆಸರು ಊರಿಗೆಲ್ಲ ಗೊತ್ತು. ಜನ ಹೇಳುವ ಕಥೆಯಲ್ಲಿ ತಾಯಿ ಬರಿಯ ‘ಮಟಾಪಂಗ್‌ನ ಹೆಂಡತಿ’, ಮಗು ಬರಿಯ ‘ಮಗಳು’.

ಎಲ್ಲರೂ ಒಂದೇ ಕಡೆ ನಿಂತಿರಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. 1684ರಲ್ಲಿ ಯುರಾ ಎಂಬವನು ಸ್ಪೇನಿನ ಗವರ್ನರನ ಮೇಲೆ ಕೈಮಾಡಿದಾಗ ಸಿನಹಾನ್ಯಾದ ಇಗ್ನಾಸಿಯೊ ಹಿನೆಟಿ ತನ್ನ ಜನರೊಂದಿಗೆ ಸ್ಪೇನಿನವರ ರಕ್ಷಣೆಗೆ ನಿಂತ. ಇಬ್ಬರೂ ಚಮೋರೊಗಳೇ, ಇಬ್ಬರಿಗೂ ಬೇಕಾಗಿದ್ದದ್ದು ತಮ್ಮವರ ಉಳಿವೇ. ಇವತ್ತಿನ ಕುಟುಂಬಗಳ ಮೈಯಲ್ಲಿ ಎರಡೂ ಕಡೆಯ ರಕ್ತ ಇದೆ. ಒಬ್ಬನನ್ನು ವೀರ, ಇನ್ನೊಬ್ಬನನ್ನು ದ್ರೋಹಿ ಎಂದು ಗೆರೆ ಎಳೆಯುವ ಹಕ್ಕು ಮುನ್ನೂರು ವರ್ಷಗಳ ಈಚೆಗೆ ಕೂತವರಿಗೆ ಇಲ್ಲ.

ಯುದ್ಧ, ಹೊಸ ರೋಗಗಳು, ಬಿರುಗಾಳಿ. ಇವುಗಳ ಮೇಲೆ, ಉತ್ತರದ ದ್ವೀಪಗಳ ಜನರನ್ನು ಎಬ್ಬಿಸಿ ತಂದು ಗುವಾಮಿನ ಇಗರ್ಜಿಗಳ ಸುತ್ತ ಕೂಡಿಸುವ ಬಲವಂತ. 1710ರ ಹೊತ್ತಿಗೆ ಹತ್ತಾರು ಸಾವಿರವಿದ್ದ ಜನ ನಾಲ್ಕು ಸಾವಿರಕ್ಕಿಂತ ಕಡಿಮೆಯಾದರು. ಠಾಣೆಯ ಸಿಪಾಯಿಗಳಾಗಿ ಬಂದ ಮೆಕ್ಸಿಕೊ, ಫಿಲಿಪೀನ್ಸ್, ಸ್ಪೇನ್ ಮೂಲದವರು ಇಲ್ಲಿಯ ಹೆಣ್ಣುಗಳನ್ನು ಮದುವೆಯಾದರು. ಹುಟ್ಟಿದ ಮಕ್ಕಳಿಗೆ ಬಂದದ್ದು ತಂದೆಯ ಹೆಸರು: ಕ್ರೂಸ್, ಪೆರೆಸ್, ಟೋರೆಸ್, ಸಾಂಟೋಸ್. ಹೊರಗಿನಿಂದ ಬಂದು ಈ ಹೆಸರುಗಳನ್ನು ಓದಿದವರು ಚಮೋರೊ ಜನ ಅಳಿದೇಹೋದರು, ಉಳಿದವರು ಬೆರಕೆ ಎಂದು ಬರೆದುಬಿಟ್ಟರು. ಆ ಮಾತು ಇಪ್ಪತ್ತನೆಯ ಶತಮಾನದವರೆಗೂ ಪುಸ್ತಕದಿಂದ ಪುಸ್ತಕಕ್ಕೆ ಸಾಗಿತು. ಮಗುವನ್ನು ಎತ್ತಿ ಆಡಿಸಿದವಳು ಯಾರು, ಯಾವ ಭಾಷೆಯಲ್ಲಿ ಜೋಗುಳ ಹಾಡಿದಳು ಎಂದು ಆ ಲೇಖಕರು ಕೇಳಲಿಲ್ಲ. ಕೇಳಿದ್ದರೆ ಉತ್ತರ ಅಲ್ಲೇ ಇತ್ತು. ಚಮೋರೊ ಭಾಷೆ ಸ್ಪ್ಯಾನಿಷ್ ಪದಗಳನ್ನು ರಾಶಿರಾಶಿಯಾಗಿ ಒಳಗೆ ತೆಗೆದುಕೊಂಡಿತು, ಎಲುಬಿನ ಹಂದರವನ್ನು ಮಾತ್ರ ಬಿಟ್ಟುಕೊಡಲಿಲ್ಲ. ವ್ಯಾಕರಣ ತಾಯಂದಿರದು.

ಹಳೆಯ ಹೆಸರುಗಳೂ ಪೂರ್ತಿ ಹೋಗಲಿಲ್ಲ. ದೀಕ್ಷೆ ಪಡೆದ ಅನೇಕರು ಕ್ರೈಸ್ತ ಹೆಸರಿನ ಹಿಂದೆ ತಮ್ಮ ಸ್ವಂತ ಹೆಸರನ್ನೇ ಮನೆತನವಾಗಿ ಇಟ್ಟುಕೊಂಡರು. ಟೈಮಾಂಗ್ಲೊ ಎಂದರೆ ಗಾಳಿಯಿಲ್ಲದವನು. ಗುಮಾಟಾವೊಟಾವೊ ಎಂದರೆ ಜನರ ಮನೆ. ಮಫ್ನಾಸ್ ಎಂದರೆ ಅಳಿಸಿಹೋದದ್ದು. ಟೈಟಾನೊ ಎಂದರೆ ನೆಲವಿಲ್ಲದವನು. 1758ರ ಗಣತಿಯ ಪಟ್ಟಿಯಲ್ಲಿ ಇಂಥ ಹೆಸರುಗಳನ್ನು ಕಂಡಾಗ ಇಂದಿನ ಕುಟುಂಬದವರಿಗೆ ಆಗುವ ಸಂತೋಷವನ್ನು ಊಹಿಸಬಹುದು. ಎರಡೂವರೆ ಶತಮಾನ ದಾಟಿ ಅಜ್ಜನೊಬ್ಬ ಎದುರು ಬಂದು ನಿಂತ ಹಾಗೆ.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಇಬ್ಬರನ್ನು ನೆನೆಯಲೇಬೇಕು. ಮೊದಲನೆಯವರು ಲೂಯಿಸ್ ದೆ ಟೋರೆಸ್. ಸ್ಪೇನಿನ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಗುವಾಮಿನ ಮಗ. 1804ರಲ್ಲಿ ಕೆರೊಲಿನ್ ದ್ವೀಪಗಳಿಗೆ ಹೋಗಿ, ಮುರಿದುಬಿದ್ದಿದ್ದ ಸ್ನೇಹವನ್ನು ಮತ್ತೆ ಕುದುರಿಸಿದವರು. 1817ರಲ್ಲಿ ರಷ್ಯಾದ ಕೋಟ್ಸೆಬುವಿನ ಹಡಗು, 1819ರಲ್ಲಿ ಫ್ರಾನ್ಸಿನ ಫ್ರೆಸಿನೆಯ ಹಡಗು ಬಂದಾಗ ಪ್ರಯಾಣಿಕರನ್ನು ಕೂಡಿಸಿಕೊಂಡು ದ್ವೀಪದ ಹಳೆಯ ನಡಾವಳಿ, ಹೆಸರು, ಕಥೆಗಳನ್ನು ತಾಳ್ಮೆಯಿಂದ ಹೇಳಿದವರು. ಫ್ರೆಸಿನೆಯ ಸಂಪುಟಗಳು ಫ್ರೆಂಚ್ ಪಾಂಡಿತ್ಯವೆಂದು ಹೆಸರಾದವು. ಅವುಗಳಲ್ಲಿನ ಮರಿಯಾನಾ ಭಾಗದ ಬಹುಪಾಲು ತಿರುಳು ಟೋರೆಸ್ ಅವರ ನೆನಪು. ಅದೇ ಫ್ರೆಂಚ್ ಹಡಗಿನಲ್ಲಿ ಬಂದ ಸ್ಕಾಟ್ಲೆಂಡಿನ ಜಾನ್ ಆಂಡರ್ಸನ್ ಮರಳಿ ಹೋಗದೆ ಇಲ್ಲೇ ನಿಂತು ಸಂಸಾರ ಹೂಡಿದ. ಗುವಾಮಿನ ಆಂಡರ್ಸನ್ ಮನೆತನದ ಮೂಲಪುರುಷನವನು.

ಎರಡನೆಯವರು ಪಾದ್ರಿ ಹೊಸೆ ಬರ್ನಾರ್ಡೊ ಪಲೋಮೊ ಇ ಟೋರೆಸ್. 1836ರಲ್ಲಿ ಹುಟ್ಟಿದವರು. ಅವರಿಗೆ ಇಪ್ಪತ್ತು ತುಂಬುವ ಹೊತ್ತಿಗೆ, 1856ರಲ್ಲಿ, ಹಡಗಿನಲ್ಲಿ ಬಂದ ಸಿಡುಬು ಗುವಾಮಿನ ಅರ್ಧಕ್ಕಿಂತ ಹೆಚ್ಚು ಜನರನ್ನು ನುಂಗಿತು. ಇಡೀ ಮನೆಗಳು ಬಾಗಿಲು ಹಾಕಿದವು. ಇಂದಿನ ಬಹುಪಾಲು ಚಮೋರೊ ವಂಶವೃಕ್ಷಗಳು ಆ ವರ್ಷದ ಇಕ್ಕಟ್ಟಿನಲ್ಲಿ ಹಾದುಬಂದವು. ಅಲ್ಲಿ ಎಷ್ಟೋ ಕೊಂಬೆಗಳು ಒಟ್ಟಿಗೇ ಮುರಿದಿವೆ. ಮೂರು ವರ್ಷಗಳ ನಂತರ, 1859ರಲ್ಲಿ, ಪಲೋಮೊ ಮೊದಲ ಚಮೋರೊ ಪಾದ್ರಿಯಾದರು. ಎರಡು ಶತಮಾನ ಹೊರಗಿನವರ ಕೈಯಲ್ಲಿದ್ದ ದೀಕ್ಷೆಯ, ಮದುವೆಯ, ಮರಣದ ಪುಸ್ತಕಗಳು ಕೊನೆಗೆ ಮಣ್ಣಿನ ಮಗನೊಬ್ಬನ ಕೈಗೆ ಬಂದವು. 1919ರಲ್ಲಿ ತೀರಿಕೊಳ್ಳುವವರೆಗೂ ಅವರು ಎರಡು ಧ್ವಜಗಳ ಕೆಳಗೆ ತಮ್ಮ ಜನರ ಜೊತೆ ನಿಂತರು.

ಎರಡನೆಯ ಧ್ವಜ ಬಂದದ್ದು 1898ರ ಜೂನ್‌ನಲ್ಲಿ. ಅಮೆರಿಕದ ನೌಕಾಪಡೆ ಗುವಾಮನ್ನು ವಶಮಾಡಿಕೊಂಡಿತು. ಮರುವರ್ಷ ಸ್ಪೇನ್ ಉಳಿದ ಮರಿಯಾನಾವನ್ನು ಜರ್ಮನಿಗೆ ಮಾರಿತು. ಸಾಯ್ಪಾನಿನ ಅನೇಕ ಚಮೋರೊ ಮನೆಗಳು ಆ ಶತಮಾನದಲ್ಲಷ್ಟೇ ಗುವಾಮಿನಿಂದ ಹೋಗಿ ನೆಲೆಸಿದ್ದವು. ಅಣ್ಣ ಅಮೆರಿಕದ ಆಳ್ವಿಕೆಯಲ್ಲಿ, ತಮ್ಮ ಜರ್ಮನಿಯ ಆಳ್ವಿಕೆಯಲ್ಲಿ, 1914ರ ನಂತರ ಜಪಾನಿನ ಆಳ್ವಿಕೆಯಲ್ಲಿ. ಒಂದೇ ಅಜ್ಜಿಯ ಮೊಮ್ಮಕ್ಕಳು ಹೀಗೆ ಹಂಚಿಹೋದರು. ಗುವಾಮಿನಲ್ಲಿ ನೌಕಾಪಡೆ 1917ರಲ್ಲಿ ಶಾಲೆಯಲ್ಲೂ ಕಚೇರಿಯಲ್ಲೂ ಚಮೋರೊ ಮಾತಾಡಬಾರದೆಂದು ಆಜ್ಞೆ ಮಾಡಿತು. 1920ರ ದಶಕದ ಮೊದಲಲ್ಲಿ ನಿಘಂಟುಗಳನ್ನು ಕಲೆಹಾಕಿ ಸುಡಿಸಿತು. ಆಟದ ಬಯಲಲ್ಲಿ ತಾಯ್ನುಡಿ ಆಡಿದ್ದಕ್ಕೆ ದಂಡ ತೆತ್ತ ಮಕ್ಕಳು ಬೆಳೆದು ತಮ್ಮ ಮಕ್ಕಳ ಜೊತೆ ಇಂಗ್ಲಿಷನ್ನೇ ಆಡಿದರು. ಅವರನ್ನು ದೂರುವುದು ತಪ್ಪು.

1941ರ ಡಿಸೆಂಬರ್ 10ರಂದು ಜಪಾನಿನ ಸೈನ್ಯ ಇಳಿಯಿತು. ಮುಂದಿನ ಮೂವತ್ತೊಂದು ತಿಂಗಳುಗಳ ಕಥೆ ಪ್ರತಿ ಮನೆಯಲ್ಲೂ ಇದೆ. ಜಪಾನಿನವರು ಸಾಯ್ಪಾನ್, ರೋಟಾಗಳಿಂದ ದುಭಾಷಿಗಳನ್ನು ತಂದರು. ಅವರೂ ಚಮೋರೊಗಳು, ಎಷ್ಟೋ ಸಲ ಸಂಬಂಧಿಕರೇ. ಹೊಡೆಯುವವನ ಮಾತನ್ನು ಹೊಡೆಸಿಕೊಳ್ಳುವವನಿಗೆ ಅವನದೇ ಭಾಷೆಯಲ್ಲಿ ದಾಟಿಸಬೇಕಾಗಿ ಬಂದದ್ದರ ಗಾಯ ಬೇಗ ಮಾಯಲಿಲ್ಲ. 1969ರಲ್ಲಿ ಗುವಾಮ್ ಮತ್ತು ಉತ್ತರದ ದ್ವೀಪಗಳು ಒಂದಾಗಬೇಕೆ ಎಂದು ಮತ ಕೇಳಿದಾಗ ಗುವಾಮಿನ ಜನ ಬೇಡ ಎಂದರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಈ ಗಾಯವನ್ನು ಬಿಟ್ಟು ಆ ಮತವನ್ನು ಓದಲಾಗದು.

ಅಮೆರಿಕದ ನೌಕಾಪಡೆಯ ರೇಡಿಯೊ ಸಿಬ್ಬಂದಿ ಜಾರ್ಜ್ ಟ್ವೀಡ್ ಕಾಡಿನಲ್ಲಿ ಅಡಗಿದ್ದ. ಅವನಿಗೆ ಅನ್ನ ಕೊಟ್ಟವರು, ಜಾಗ ಕೊಟ್ಟವರು, ಬರಿಯ ಗುಮಾನಿಯ ಮೇಲೆ ಹೊಡೆತ ತಿಂದವರು, ತಲೆ ಕಳೆದುಕೊಂಡವರು ಊರೂರಲ್ಲಿದ್ದಾರೆ. ಕೊನೆಯ ಹಂತದಲ್ಲಿ ಆಂಟೋನಿಯೊ ಆರ್ಟೆರೊ ಅವರ ಕುಟುಂಬ ಅವನನ್ನು ಉತ್ತರದ ಬಂಡೆಗಳಲ್ಲಿ ಕಾಪಾಡಿತು. ಪಾದ್ರಿ ಹೆಸುಸ್ ಬಾಸಾ ದ್ವೆನ್ಯಾಸ್ ಜಪಾನಿನ ಅಧಿಕಾರಿಗಳ ಮುಂದೆ ತಲೆ ಬಾಗಿಸದೆ ತಮ್ಮ ಜನರ ಪರ ಮಾತಾಡುತ್ತ ಬಂದರು. 1944ರ ಜುಲೈ 12ರಂದು ತಾಯ್ ಎಂಬಲ್ಲಿ ಅವರನ್ನೂ ಅವರ ಸೋದರಳಿಯನನ್ನೂ ಇತರರನ್ನೂ ಕೊಂದರು. ಅಮೆರಿಕದ ಸೈನ್ಯ ಬಂದಿಳಿಯಲು ಉಳಿದದ್ದು ಒಂಬತ್ತೇ ದಿನ. ಅದೇ ವಾರ ಮಲೆಸ್ಸೊ ಹಳ್ಳಿಯಲ್ಲಿ ಟಿಂಟಾ ಗುಹೆಯಲ್ಲಿ ಹದಿನಾರು ಮಂದಿ, ಫಾಹಾದಲ್ಲಿ ಮೂವತ್ತು ಮಂದಿ ಹತರಾದರು. ಫಾಹಾಕ್ಕೆ ಆರಿಸಿದ್ದು ಊರಿನ ಎತ್ತರದ, ಗಟ್ಟಿಮುಟ್ಟಾದ ಗಂಡಸರನ್ನು. ಉಳಿದ ಮಲೆಸ್ಸೊದವರು ಕೈಗೆ ಸಿಕ್ಕದ್ದನ್ನು ಹಿಡಿದು ಅಟಾಟೆಯಲ್ಲಿ ಕಾವಲುಗಾರರ ಮೇಲೆ ಬಿದ್ದು ತಮ್ಮನ್ನು ತಾವೇ ಬಿಡಿಸಿಕೊಂಡರು. ಬಿಡುಗಡೆಯ ಕಥೆಯನ್ನು ಅಮೆರಿಕದ ಹಡಗುಗಳಿಂದಲೇ ಶುರುಮಾಡುವವರು ಅಟಾಟೆಯನ್ನು ಮರೆಯಬಾರದು.

ಮನೆಂಗ್ಗೊನ್ ಕಣಿವೆಗೆ ಸಾವಿರಾರು ಜನರನ್ನು ಮಳೆಯಲ್ಲಿ ನಡೆಸಿಕೊಂಡು ಹೋದರು. ಮುದುಕರನ್ನು ಬೆನ್ನ ಮೇಲೆ ಹೊತ್ತವರಿದ್ದರು, ದಾರಿಯಲ್ಲೇ ಹೂತವರಿದ್ದರು. ಅಲ್ಲಿ ಮಕ್ಕಳೂ ಹುಟ್ಟಿದರು. ಆ ಹೆರಿಗೆಗಳನ್ನು ಮಾಡಿಸಿದವರು ‘ಪಟೆರಾ’ಗಳು, ಸೂಲಗಿತ್ತಿಯರು. 1960ರ ದಶಕದವರೆಗೂ ಗುವಾಮಿನ ಮನೆಗಳಲ್ಲಿ ಹುಟ್ಟಿದ ಕೂಸುಗಳನ್ನು ಮೊದಲು ಕೈಗೆತ್ತಿಕೊಂಡವರು ಅವರೇ. ಯಾವ ಮಗು ಯಾರದು, ಯಾವ ಮನೆಗೂ ಯಾವ ಮನೆಗೂ ಏನು ನಂಟು ಎಂಬುದು ಅವರ ಬಾಯಲ್ಲೇ ಇರುತ್ತಿತ್ತು. ದ್ವೀಪದ ನಿಜವಾದ ವಂಶಾವಳಿಕಾರರು ಇವರು. ಇವರ ಹೆಸರಿನಲ್ಲಿ ಎಷ್ಟು ಬೀದಿಗಳಿವೆ, ಎಷ್ಟು ಪ್ರತಿಮೆಗಳಿವೆ?

ಹೆಂಗಸರಲ್ಲಿ ಸಾರ್ವಜನಿಕ ನೆನಪಿಗೆ ಬಂದವರ ಪೈಕಿ ಎದ್ದು ಕಾಣುವವರು ಅಗೆಡಾ ಇಗ್ಲೇಸಿಯಾಸ್ ಜಾನ್ಸ್ಟನ್. 1892ರಲ್ಲಿ ಹುಟ್ಟಿ, ಶಿಕ್ಷಕಿಯಾಗಿ, ಪ್ರಾಂಶುಪಾಲೆಯಾಗಿ ತಲೆಮಾರುಗಳನ್ನು ಕಲಿಸಿದವರು. ಅವರ ಅಮೆರಿಕನ್ ಪತಿಯನ್ನು ಯುದ್ಧಕೈದಿಯಾಗಿ ಜಪಾನಿಗೆ ಒಯ್ದರು. ಅವರು ಅಲ್ಲೇ ತೀರಿಕೊಂಡರು. ಅಗೆಡಾ ಟ್ವೀಡ್‌ಗೆ ಗುಟ್ಟಾಗಿ ನೆರವು ಕಳಿಸಿದರು. ಸಿಕ್ಕಿಬಿದ್ದಾಗ ಹೊಡೆತ ತಿಂದರೂ ಬಾಯಿ ಬಿಡಲಿಲ್ಲ. 1945ರಲ್ಲಿ ಮೊದಲ ಬಿಡುಗಡೆ ದಿನಾಚರಣೆಯನ್ನು ಸಂಘಟಿಸಿದವರೂ ಅವರೇ. ಅವರ ಹೆಸರಿನ ಶಾಲೆ ಇದೆ. ಅವರಂಥ ಇನ್ನೆಷ್ಟೋ ಮಂದಿಗೆ ಮೊಮ್ಮಕ್ಕಳ ನೆನಪಿನಲ್ಲಿ ಬಿಟ್ಟು ಬೇರೆಡೆ ಜಾಗವಿಲ್ಲ.

1944ರ ಬಾಂಬುಗಳಿಗೆ ಹಗಾತ್ನ್ಯಾ ನೆಲಸಮವಾಯಿತು. ಇಗರ್ಜಿಯ ಪುಸ್ತಕಗಳಲ್ಲಿ ಬಹುಪಾಲು ಹೋದವು. ಇಂದು ಯಾರಾದರೂ ತಮ್ಮ ಮುತ್ತಜ್ಜಿಯನ್ನು ಹುಡುಕಹೊರಟರೆ ಅವರಿಗೆ ಸಿಗುವುದು ಗಣತಿಯ ಪಟ್ಟಿಗಳು: 1758ರದು, ಸ್ಪೇನ್ ಆಳ್ವಿಕೆಯ ಕೊನೆಯಲ್ಲಿ 1897ರಲ್ಲಿ ಮಾಡಿದ್ದು, ಅಮೆರಿಕದ 1920, 1930, 1940ರವು. ಗುವಾಮ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಶುರುವಾದ ಮೈಕ್ರೊನೇಷ್ಯಾ ಅಧ್ಯಯನ ಕೇಂದ್ರ ಇವುಗಳನ್ನು ಕೂಡಿಹಾಕಿ, ಅನುವಾದಿಸಿ ಕೊಟ್ಟಿರುವುದು ದೊಡ್ಡ ಸೇವೆ. 1897ರ ಪಟ್ಟಿಯಲ್ಲಿ ಸ್ಪೇನಿನ ಪದ್ಧತಿಯಂತೆ ಹೆಸರಿನ ಕೊನೆಯಲ್ಲಿ ತಾಯಿಯ ಮನೆತನ ಇದೆ. ಅಮೆರಿಕನ್ನರು ಬಂದ ಮೇಲೆ ಅದು ನಡುವಿಗೆ ಸರಿಯಿತು, ಬಿದ್ದುಹೋಗಲಿಲ್ಲ. ಹಳೆಯ ಮಾತೃಕುಲದ ಕಟ್ಟುಪಾಡು ಒಡೆದ ಮೇಲೂ ಚಮೋರೊ ಜನ ಈ ಒಂದು ಎಳೆಯನ್ನು ಬಿಡದೆ ಹಿಡಿದಿದ್ದಾರೆ. ಕಾಗದದ ಮೇಲೆ ವಂಶವನ್ನು ಹುಡುಕುವವರಿಗೆ ಇದಕ್ಕಿಂತ ಗಟ್ಟಿಯಾದ ಹಿಡಿ ಇನ್ನೊಂದಿಲ್ಲ.

ಕಾಗದದ ಹೊರಗೆ ಇನ್ನೂ ಹೆಚ್ಚು ಉಳಿದಿದೆ. ದ್ವೀಪದಲ್ಲಿ ಕ್ರೂಸ್ ಎಂಬವರು ಸಾವಿರಾರು. ಯಾವ ಕ್ರೂಸ್ ಎಂದು ಹೇಳಲು ಮನೆಗೊಂದು ಅಡ್ಡಹೆಸರಿದೆ, ಅದಕ್ಕೆ ‘ಫಮಿಲಿಯಾನ್’ ಎನ್ನುತ್ತಾರೆ. ಎಂದೋ ಒಬ್ಬ ಅಜ್ಜನ ದೊಡ್ಡ ತಲೆಯಿಂದ, ಒಬ್ಬ ಅಜ್ಜಿಯ ಮುದ್ದಿನ ಹೆಸರಿನಿಂದ ಹುಟ್ಟಿದ್ದು. ಮರಣದ ಪ್ರಕಟಣೆಗಳಲ್ಲಿ ತೀರಿಕೊಂಡವರ ಹೆಸರಿನ ಜೊತೆಗೆ ಫಮಿಲಿಯಾನ್ ಬರೆಯದಿದ್ದರೆ ಯಾರು ಹೋದರೆಂದೇ ಜನಕ್ಕೆ ತಿಳಿಯುವುದಿಲ್ಲ. ಸಾವಿನ ಮನೆಯಲ್ಲಿ ಒಂಬತ್ತು ರಾತ್ರಿ ಊರಿನವರೆಲ್ಲ ಸೇರಿ ಜಪಮಾಲೆಯ ಪ್ರಾರ್ಥನೆ ಮಾಡುತ್ತಾರೆ. ಪ್ರಾರ್ಥನೆ ಮುಗಿದು ಊಟಕ್ಕೆ ಕೂತಾಗ ಕಿರಿಯರಿಗೆ ನಂಟು ತಿಳಿಯುತ್ತದೆ: ಇವಳು ನಿನ್ನ ಅಜ್ಜಿಯ ತಂಗಿಯ ಮಗಳು, ಕೈಗೆ ಬಾಗು. ಕಿರಿಯರು ಹಿರಿಯರ ಕೈಯನ್ನು ಮೂಗಿಗೆ ತಂದು ಉಸಿರೆಳೆದುಕೊಳ್ಳುತ್ತಾರೆ. ಗಂಡಸಾದರೆ ‘ನ್ಯೋಟ್’, ಹೆಂಗಸಾದರೆ ‘ನ್ಯೋರಾ’ ಎನ್ನುತ್ತಾರೆ. ಪದ ಸ್ಪೇನಿನದು. ಹಿರಿಯರ ಸತ್ವವನ್ನು ಉಸಿರಿನಲ್ಲಿ ಒಳಗೆಳೆದುಕೊಳ್ಳುವ ಆ ಬಗೆ ಮಾತ್ರ 1668ಕ್ಕಿಂತ ಹಿಂದಿನದು.

ಮುಯ್ಯಿಯ ಲೆಕ್ಕವೂ ಹಾಗೆಯೇ. ಮದುವೆಗೆ, ನಾಮಕರಣಕ್ಕೆ, ಸಾವಿಗೆ ಕೊಡುವ ನೆರವಿಗೆ ‘ಚೆಂಚುಲೆ’ ಎಂದು ಹೆಸರು. ಯಾರು ಎಷ್ಟು ಕೊಟ್ಟರು, ಹಂದಿ ತಂದರೆ, ಅಕ್ಕಿ ತಂದರೆ, ಬಂದು ದುಡಿದರೆ ಎಂದು ಮನೆಯಾಕೆ ಪುಸ್ತಕದಲ್ಲಿ ಬರೆದಿಡುತ್ತಾಳೆ. ಅದು ಮಗಳಿಗೆ ದಾಟುತ್ತದೆ. ತೀರಿಸಬೇಕಾದ ಋಣದ ಜೊತೆಗೆ ಸಂಬಂಧಗಳ ಪೂರ್ತಿ ನಕಾಶೆಯೂ ಆ ಪುಸ್ತಕದಲ್ಲಿದೆ. ಗಣತಿಯ ಪಟ್ಟಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಸಂಸ್ಥೆಗಳು ಅಡುಗೆಮನೆಯ ಈ ಪುಸ್ತಕಗಳನ್ನೂ ಅಷ್ಟೇ ಜೋಪಾನವಾಗಿ ಕೂಡಿಡಬೇಕು. ಕೆಲಸ, ಓದು, ಸೈನ್ಯವೆಂದು ಅಮೆರಿಕದ ಮುಖ್ಯ ಭೂಮಿಗೆ ಹೋದ ಚಮೋರೊಗಳ ಸಂಖ್ಯೆ ಈಗ ಗುವಾಮಿನಲ್ಲಿ ಇರುವವರಿಗಿಂತ ಹೆಚ್ಚು. 2010ರ ಗಣತಿಯಲ್ಲಿ ಗುವಾಮಿನಲ್ಲಿದ್ದವರು ಸುಮಾರು 59,000. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಮೊಮ್ಮಗಳಿಗೆ ಒಂಬತ್ತು ರಾತ್ರಿಗಳ ಆ ಊಟದ ಪಂಕ್ತಿ ಸಿಗುವುದು ಅಪರೂಪ. ಅವಳಿಗಾಗಿ ಬರೆದಿಡುವ ಕೆಲಸ ಈಗಲೇ ಆಗಬೇಕು, ಯುದ್ಧ ಕಂಡ ಕೊನೆಯ ಹಿರಿಯರು ಇರುವಾಗಲೇ.

ರಾಜಕೀಯ ಹಕ್ಕಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1936ರಲ್ಲಿ ಜನ ಕೊಟ್ಟ ಚಿಲ್ಲರೆ ಕಾಸಿನಿಂದ ಬಿ. ಜೆ. ಬೊರ್ಡಾಲ್ಲೊ ಮತ್ತು ಫ್ರಾನ್ಸಿಸ್ಕೊ ಬಾಸಾ ಲಿಯೋನ್ ಗೆರೆರೊ ಪೌರತ್ವ ಕೇಳಲು ವಾಷಿಂಗ್ಟನ್ನಿಗೆ ಹೋದರು. ನೌಕಾಪಡೆ ಅಡ್ಡ ಬಂತು. 1949ರ ಮಾರ್ಚ್‌ನಲ್ಲಿ ಗುವಾಮಿನ ಶಾಸಕರು ಸಭೆಯಿಂದ ಹೊರನಡೆದರು. ಆ ಸುದ್ದಿ ಅಮೆರಿಕದ ಪತ್ರಿಕೆಗಳಲ್ಲಿ ಬರುವಂತೆ ನೋಡಿಕೊಂಡವರು ಕಾರ್ಲೋಸ್ ಪಂಗೆಲಿನನ್ ಟೈಟಾನೊ. ಮರುವರ್ಷ ಅಧ್ಯಕ್ಷ ಟ್ರೂಮನ್ ಕಾಯ್ದೆಗೆ ಸಹಿ ಹಾಕುವಾಗ ಅವರೂ ಅಲ್ಲಿದ್ದರು. ಅವರ ಮನೆತನದ ಹೆಸರಿನ ಅರ್ಥವನ್ನು ಮೇಲೆ ಹೇಳಿದ್ದೇವೆ. ಆ ವರ್ಷಗಳಲ್ಲಿ ‘ನೆಲವಿಲ್ಲದವನು’ ಎಂಬ ಆ ಅರ್ಥ ಬೇರೆ ಮನೆತನಗಳಿಗೂ ಅನ್ವಯಿಸುವಂತಾಯಿತು. ಪೌರತ್ವ ಬಂತು, ಅಧ್ಯಕ್ಷರ ಚುನಾವಣೆಯಲ್ಲಿ ಮತ ಬರಲಿಲ್ಲ, ಸೈನ್ಯ ತೆಗೆದುಕೊಂಡ ಭೂಮಿಯೂ ಮರಳಲಿಲ್ಲ. ಇವತ್ತಿಗೂ ದ್ವೀಪದ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ನೆಲ ಅಮೆರಿಕದ ಸೈನ್ಯದ ಕೈಯಲ್ಲಿದೆ. ತಾಯಿಯ ಕುಲದಿಂದ ಮಗಳಿಗೆ ಇಳಿಯುತ್ತಿದ್ದ ನೆಲವದು.

ಪಶ್ಚಿಮ ಕರಾವಳಿಯ ಸುಮಾಯ್ ಯುದ್ಧಕ್ಕೆ ಮುಂಚೆ ದ್ವೀಪದ ಎರಡನೆಯ ದೊಡ್ಡ ಊರು. ಸಮುದ್ರದಾಳದ ತಂತಿ ಕಚೇರಿ ಅಲ್ಲಿತ್ತು. 1935ರಿಂದ ಪ್ಯಾನ್ ಅಮೆರಿಕನ್ ಕಂಪನಿಯ ನೀರವಿಮಾನಗಳು ಅಲ್ಲೇ ಇಳಿಯುತ್ತಿದ್ದವು. 1941ರಲ್ಲಿ ಜಪಾನಿನವರು ಜನರನ್ನು ಹೊರಗಟ್ಟಿದರು, 1944ರಲ್ಲಿ ಅಮೆರಿಕದ ಬಾಂಬುಗಳು ಊರನ್ನು ಒರಸಿದವು, ಯುದ್ಧ ಮುಗಿದ ಮೇಲೆ ನೌಕಾಪಡೆ ಯಾರನ್ನೂ ಮರಳಲು ಬಿಡಲಿಲ್ಲ. ಸುಮಾಯಿನ ಮನೆಗಳನ್ನು ಗುಡ್ಡದ ಮೇಲಿನ ಸಾಂಟಾ ರೀಟಾಕ್ಕೆ ಸಾಗಿಸಿದರು. ಊರಿನ ಸ್ಮಶಾನ ಇರುವುದು ನೌಕಾನೆಲೆಯ ಬೇಲಿಯೊಳಗೆ. ವರ್ಷಕ್ಕೊಂದು ದಿನ, ನೌಕಾಪಡೆಯ ಅನುಮತಿ ಪಡೆದು, ಸುಮಾಯಿನವರ ಮಕ್ಕಳು ಮೊಮ್ಮಕ್ಕಳು ಆ ಗೇಟು ದಾಟಿ ಒಳಗೆ ಹೋಗಿ ತಮ್ಮ ಹಿರಿಯರ ಗೋರಿಗಳಿಗೆ ಹೂವಿಟ್ಟು, ಸಂಜೆಯೊಳಗೆ ಹೊರಗೆ ಬರುತ್ತಾರೆ.